ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಗಳ ನಾಮಪದ ಸಾಹಚರ್ಯ: ಕನ್ನಡದ ನೆಲೆಯಿಂದ ಒಂದು ವಿವೇಚನೆ

ಕನ್ನಡ ಮಾಧ್ಯಮದಲ್ಲಿ ಓದಿಬಂದವರ ಇಂಗ್ಲಿಷಿನ ತೊಡಕುಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕಾಲರೂಪ, ‘ಎ’, ‘ದಿ’ಗಳ ಬಳಕೆ ಹಾಗೂ ಉಚ್ಚಾರಣೆಯ ಸುತ್ತಲೇ ನಡೆಯುತ್ತದೆ. ಇವುಗಳಿಗಿಂತ ಹೆಚ್ಚು ಕಾಲ ಉಳಿಯುವ ತೊಡಕು ಇನ್ನೊಂದಿದೆ. ‘ಡೂ’, ‘ಮೇಕ್’, ‘ಹ್ಯಾವ್’, ‘ಟೇಕ್’, ‘ಗಿವ್’ ಎಂಬ ಕ್ರಿಯಾಪದಗಳನ್ನು ವಿದ್ಯಾರ್ಥಿಯು ಮೊದಲ ವರ್ಷದಲ್ಲಿಯೇ ಕಲಿತಿರುತ್ತಾನೆ. ಆದರೆ ಅವುಗಳಲ್ಲಿ ಯಾವುದನ್ನು ಯಾವ ನಾಮಪದದೊಂದಿಗೆ ಬಳಸಬೇಕೆಂಬುದು ಸ್ನಾತಕೋತ್ತರ ಪದವಿಯ ನಂತರವೂ ಕೈವಶವಾಗಿರುವುದಿಲ್ಲ. ಪ್ರಸ್ತುತ ಲೇಖಕನು ಸಂದರ್ಶನವೊಂದರಲ್ಲಿ ‘ಐ ಡಿಡ್ ಎ ಮಿಸ್ಟೇಕ್’ ಎಂದಾಗ ಎದುರಿಗಿದ್ದವರು ನಕ್ಕು ‘ಮೇಡ್’ ಎಂದು ತಿದ್ದಿದರು. ಏಕೆಂದು ಕೇಳಿದ್ದಕ್ಕೆ ‘ಹಾಗೇ ಹೇಳುವುದು’ ಎಂಬ ಉತ್ತರ ಬಂದಿತು. ಆ ಉತ್ತರ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ, ‘ಡಿಡ್ ಎ ಮಿಸ್ಟೇಕ್’ ಎಂಬುದು ಅಜ್ಞಾನದ ಫಲವಲ್ಲವೆಂಬುದನ್ನು ಒಪ್ಪಬೇಕು. ಅಡುಗೆ ಮಾಡು, ಕೆಲಸ ಮಾಡು, ಸದ್ದು ಮಾಡು, ತಪ್ಪು ಮಾಡು ಎಂದು ಒಂದೇ ಕ್ರಿಯಾಪದದಿಂದ ನಡೆಸುವ ಭಾಷೆಯವನು ಇಂಗ್ಲಿಷಿನಲ್ಲಿಯೂ ಒಂದನ್ನೇ ಆರಿಸಿಕೊಂಡು ಮುಂದುವರಿಯುವುದು ಸಹಜ. ಈ ವಿಷಯದಲ್ಲಿ ಕನ್ನಡ ಒಂಟಿಯೂ ಅಲ್ಲ. ಲ್ಯಾಟಿನ್ನಿನ ‘ಫಾಕೆರೆ’, ಫ್ರೆಂಚಿನ ‘ಫೇರ್’ ಎಂಬುವೂ ನಮ್ಮ ‘ಮಾಡು’ವಿನಂತೆ ಎರಡೂ ಅರ್ಥಗಳನ್ನು ಹೊತ್ತಿವೆ. ಎರಡಾಗಿ ಒಡೆದುಕೊಂಡಿರುವುದು ಇಂಗ್ಲಿಷು.

ನಾಮಪದ ಕ್ರಿಯಾಪದಗಳ ಕೂಟವು ನಮ್ಮ ವ್ಯಾಕರಣಕ್ಕೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕ್ರಿಯಾಸಮಾಸವನ್ನು ನಿರೂಪಿಸಿದ್ದಾನೆ. ಆದರೆ ಕಣ್ತೆರೆ, ಮೈತೊಳೆ, ತಲೆದೂಗು ಎಂಬಲ್ಲಿ ತೆರೆಯುವ, ತೊಳೆಯುವ, ತೂಗುವ ಕ್ರಿಯೆಗಳು ತಮ್ಮ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ‘ಟೇಕ್ ಎ ವಾಕ್’ ಎಂಬಲ್ಲಾದರೋ ಯಾರೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಡೆಯುವ ಅರ್ಥವೆಲ್ಲ ನಾಮಪದದಲ್ಲಿದೆ. ಇಂಥ ಕ್ರಿಯಾಪದಗಳನ್ನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ತನ್ನ ಇಂಗ್ಲಿಷ್ ವ್ಯಾಕರಣದ 1942ರ ಸಂಪುಟದಲ್ಲಿ ‘ಲೈಟ್ ವರ್ಬ್’ ಎಂದು ಕರೆದನು. ಅದನ್ನು ‘ಹಗುರ ಕ್ರಿಯಾಪದ’ ಎನ್ನಬಹುದು. ಇದಕ್ಕೆ ಹತ್ತಿರದ ಕನ್ನಡ ರಚನೆ ಕ್ರಿಯಾಸಮಾಸಕ್ಕಿಂತ ‘ಸ್ನಾನ ಮಾಡು’, ‘ಭೇಟಿ ನೀಡು’ ಎಂಬಂಥವು.

‘ಡೂ’ ಮತ್ತು ‘ಮೇಕ್’ಗಳ ನಡುವಣ ಗೆರೆಯನ್ನು ವ್ಯಾಕರಣದ ಕೈಪಿಡಿಗಳು ಹೀಗೆ ಎಳೆಯುತ್ತವೆ: ಚಟುವಟಿಕೆಯ ನಡೆಯನ್ನು ಹೇಳುವಾಗ ‘ಡೂ’, ಮೊದಲಿಲ್ಲದ್ದೊಂದು ಉಂಟಾಯಿತೆಂದು ಹೇಳುವಾಗ ‘ಮೇಕ್’. ಹೋಮ್‌ವರ್ಕ್, ಬಿಸಿನೆಸ್, ಪಾತ್ರೆ ತೊಳೆಯುವ ಕೆಲಸ ಇವು ‘ಡೂ’ವಿನ ಪಾಲು. ಸದ್ದು, ಮಾತು ಕೊಡುವುದು, ದೂರು, ಸಲಹೆ, ನಿರ್ಧಾರ ಇವು ‘ಮೇಕ್’ನ ಪಾಲು. ಈ ದೃಷ್ಟಿಯಿಂದ ತಪ್ಪೆಂಬುದು ಮಾಡಿದ ಮೇಲೆ ಉಳಿಯುವ ವಸ್ತು. ಆದ್ದರಿಂದಲೇ ‘ಮೇಡ್ ಎ ಮಿಸ್ಟೇಕ್’. ವಿವರಣೆ ತೃಪ್ತಿಕರವಾಗಿಯೇ ಇದೆ. ಆದರೆ ಹಾನಿಯೂ ಮಾಡಿದ ಮೇಲೆ ಉಳಿಯುತ್ತದೆಯಲ್ಲವೆ? ಅಲ್ಲಿ ‘ಡೂ ಡ್ಯಾಮೇಜ್’, ‘ಡೂ ಹಾರ್ಮ್’ ಎನ್ನಬೇಕು. ಪ್ರಯತ್ನವಾದರೋ ಶುದ್ಧ ಚಟುವಟಿಕೆ. ಅದು ‘ಮೇಕ್ ಆ್ಯನ್ ಎಫರ್ಟ್’. ಹೀಗೆ ನಿಯಮವಿದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಸಂದರ್ಶನದಲ್ಲಿ ದೊರೆತ ಉತ್ತರವೂ ಅರ್ಧ ನಿಜ.

ಇದಕ್ಕಿಂತ ಸ್ವಾರಸ್ಯಕರವಾದದ್ದು ‘ಹ್ಯಾವ್’, ‘ಟೇಕ್’, ‘ಗಿವ್’ಗಳ ವರ್ತನೆ. (‘ಟೇಕ್’ ಮೂಲತಃ ಇಂಗ್ಲಿಷಿನದೇ ಅಲ್ಲ. ಸ್ಕ್ಯಾಂಡಿನೇವಿಯನ್ನರ ‘ತಾಕ’ ಎಂಬ ರೂಪದಿಂದ ಬಂದು ಹಳೆಯ ‘ನಿಮನ್’ ಎಂಬ ಧಾತುವನ್ನು ಓಡಿಸಿ ನೆಲೆನಿಂತದ್ದು.) ‘ಲುಕ್’ ಎಂಬ ಕ್ರಿಯಾಪದವಿರುವಾಗ ‘ಹ್ಯಾವ್ ಎ ಲುಕ್’ ಎಂದು ಸುತ್ತುಬಳಸಿ ಹೇಳುವುದೇಕೆ? ಕ್ರಿಯೆಯನ್ನು ನಾಮಪದವಾಗಿಸಿದರೆ ಅದಕ್ಕೆ ಗುಣವಾಚಕಗಳನ್ನು ತೊಡಿಸಬಹುದು, ಸಂಖ್ಯೆಯನ್ನು ಕೊಡಬಹುದು ಎಂಬುದು ಒಂದು ಕಾರಣ. ಎರಡನೆಯದು ಅರ್ಥಕ್ಕೆ ಸಂಬಂಧಿಸಿದ್ದು. ಅನ್ನಾ ವಿಯೆಜ್‌ಬಿಟ್ಸ್ಕಾ 1982ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಪ್ರಶ್ನೆಯೇ ಇದು: ‘ಹ್ಯಾವ್ ಎ ಡ್ರಿಂಕ್’ ಎನ್ನಬಹುದಾದರೆ ‘ಹ್ಯಾವ್ ಆ್ಯನ್ ಈಟ್’ ಎಂದೇಕೆ ಅನ್ನಬಾರದು? ಸ್ವಲ್ಪ ಕಾಲ ನಡೆಯುವ, ಹೊರಗಿನ ಗುರಿಯೊಂದನ್ನು ಮುಟ್ಟಲೆಂದಲ್ಲದೆ ಮಾಡುವವನ ಹಿತಕ್ಕಾಗಿ ನಡೆಯುವ, ಮತ್ತೆ ಮಾಡಬಹುದಾದ ಕ್ರಿಯೆಗಳನ್ನು ‘ಹ್ಯಾವ್’ ಒಪ್ಪುತ್ತದೆಂಬ ಆಕೆಯ ವಾದ ಬಹಳಷ್ಟು ಉದಾಹರಣೆಗಳಿಗೆ ಹೊಂದುತ್ತದೆ. ತೋಟದಲ್ಲಿ ಸುಮ್ಮನೆ ಅಡ್ಡಾಡುವುದು ‘ಹ್ಯಾವ್ ಎ ವಾಕ್’. ಅಂಚೆ ಕಚೇರಿಗೆಂದು ನಡೆದು ಹೋಗುವುದಕ್ಕೆ ಅದು ಒಗ್ಗದು. ‘ಗಿವ್’ ಒಮ್ಮೆಗೇ ಹೊಮ್ಮುವ ಕ್ರಿಯೆಗಳದು: ಕೂಗು, ನಗು, ತಳ್ಳು, ಒದೆ. ‘ಟೇಕ್’ ಎಂಬುದು ‘ಹ್ಯಾವ್’ನ ನೆರೆಯದು. ಸ್ನಾನಕ್ಕೆ ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್’ ಎಂದರೆ ಅಮೆರಿಕನ್ನರು ‘ಟೇಕ್’ ಎನ್ನುತ್ತಾರೆ.

ಈ ಅರ್ಥಛಾಯೆಗಳನ್ನು ಕನ್ನಡ ಎಲ್ಲಿಟ್ಟಿದೆ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ‘ಮಾಡು’ವಿನ ಸುತ್ತ ಹುಡುಕಿದರೆ ಅವು ಸಿಕ್ಕುವುದಿಲ್ಲ. ಅವು ಇರುವುದು ಬಿಡು, ಕೊಳ್ಳು, ಹಾಕು, ನೋಡು ಎಂಬ ಸಹಾಯಕ ಕ್ರಿಯಾಪದಗಳಲ್ಲಿ. ‘ಗೇವ್ ಎ ಲಾಫ್’ ಎಂಬುದರ ಹಠಾತ್ತನ ‘ನಕ್ಕುಬಿಟ್ಟ’ ಎಂಬಲ್ಲಿದೆ. ‘ಹ್ಯಾಡ್ ಎ ವಾಕ್’ ಎಂಬುದರ ಬಿಡುವು ‘ಅಡ್ಡಾಡಿಕೊಂಡು ಬಂದ’ ಎಂಬಲ್ಲಿದೆ. ‘ಹ್ಯಾವ್ ಎ ಲುಕ್’ ಎಂಬುದು ‘ಒಂದು ಸಲ ನೋಡಿಬಿಡಿ’ ಎಂಬಲ್ಲಿದೆ. ಇಂಗ್ಲಿಷು ನಾಮಪದದ ಎಡಕ್ಕೆ ಇಡುವ ಹೊರೆಯನ್ನು ಕನ್ನಡವು ಕ್ರಿಯಾಪದದ ಬಲಕ್ಕೆ ಇಡುತ್ತದೆ. ಇದನ್ನು ಗಮನಿಸದ ಅನುವಾದಕನು ‘ಒಂದು ನೋಟವನ್ನು ತೆಗೆದುಕೊಂಡನು’ ಎಂದು ಬರೆಯುತ್ತಾನೆ. ಇಂಗ್ಲಿಷ್ ತಪ್ಪಾದಾಗ ನಗುವವರು ಕನ್ನಡ ಹೀಗಾದಾಗ ನಗುವುದಿಲ್ಲ! ‘ನಿರ್ಧರಿಸಿದರು’ ಎಂದರೆ ಸಾಕಾದಲ್ಲಿ ‘ನಿರ್ಧಾರವನ್ನು ತೆಗೆದುಕೊಂಡರು’ ಎಂಬುದು ನಮ್ಮ ಪತ್ರಿಕೆಗಳಲ್ಲಿ ಸಲೀಸಾಗಿ ನಡೆದುಬಂದಿದೆ. ‘ಇಸು’ ಪ್ರತ್ಯಯದ ಶಕ್ತಿಯನ್ನು ಮರೆತದ್ದರ ಗುರುತು ಅದು.

ಸಾಮಾನ್ಯ ಕ್ರಿಯಾಪದಗಳು ಸುಲಭವೆಂಬ ನಂಬಿಕೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಸಿ.ಕೆ. ಆಗ್ಡನ್ 1930ರಲ್ಲಿ ರೂಪಿಸಿದ ‘ಬೇಸಿಕ್ ಇಂಗ್ಲಿಷ್’ ಉದಾಹರಣೆ. ಅದರ 850 ಪದಗಳಲ್ಲಿ ಕ್ರಿಯಾಪದಗಳು 18 ಮಾತ್ರ. ‘ಆಸ್ಕ್’ ಎಂಬುದಿಲ್ಲ, ಅದಕ್ಕೆ ಬದಲು ‘ಪುಟ್ ಎ ಕ್ವೆಶ್ಚನ್’. ‘ವಾಂಟ್’ ಇಲ್ಲ, ‘ಹ್ಯಾವ್ ಎ ಡಿಸೈರ್ ಫಾರ್’ ಇದೆ. ಪದಗಳನ್ನು ಎಣಿಸುವವರಿಗೆ ಇದು ಲಾಭವೆಂದು ತೋರುತ್ತದೆ. ಕಲಿಯುವವನಿಗಾದರೋ ಕೈಬಿಟ್ಟ ಪ್ರತಿಯೊಂದು ಕ್ರಿಯಾಪದದ ಬದಲಿಗೆ ಒಂದೊಂದು ಜೋಡಿಯನ್ನು ಬಾಯಿಪಾಠ ಮಾಡುವ ಕೆಲಸ ಉಳಿಯುತ್ತದೆ. ಇದೇ ಕಾಲದಲ್ಲಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹೆರಾಲ್ಡ್ ಪಾಮರ್ ಸಮಸ್ಯೆಯನ್ನು ಸರಿಯಾಗಿ ಹಿಡಿದನು. 1933ರ ಅವನ ವರದಿಯು ಜೋಡಿಗಳನ್ನೇ ಕಲಿಕೆಯ ಘಟಕಗಳಾಗಿ ಪಟ್ಟಿಮಾಡಿತು.

ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳ ಸಾಮಾನ್ಯ ಕ್ರಮವು ವಿದ್ಯಾರ್ಥಿಯ ಅಗತ್ಯಕ್ಕೆ ವಿರುದ್ಧ ದಿಕ್ಕಿನದು. ‘ಮೇಕ್’ ಎಂಬ ಉಲ್ಲೇಖದ ಕೆಳಗೆ ಅರ್ಥಗಳ ಸಾಲೇ ಇರುತ್ತದೆ. ಬರೆಯಲು ಕುಳಿತವನಿಗೆ ಗೊತ್ತಿರುವುದು ‘ಮಿಸ್ಟೇಕ್’ ಎಂಬ ನಾಮಪದ. ಗೊತ್ತಿಲ್ಲದ್ದು ಅದು ಬಯಸುವ ಕ್ರಿಯಾಪದ. ಆದ್ದರಿಂದ ಮಾಹಿತಿಯು ನಾಮಪದದ ಕೆಳಗಿರಬೇಕು. 1986ರ ಬಿಬಿಐ ನಿಘಂಟು, 2002ರ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ನಿಘಂಟು ಈ ಕ್ರಮವನ್ನೇ ಅನುಸರಿಸಿವೆ. ಕನ್ನಡಿಗರಿಗಾಗಿ ಇಂಥದೊಂದನ್ನು ಸಿದ್ಧಪಡಿಸುವುದಾದರೆ ಅದು ತೀರ ದೊಡ್ಡದಾಗಬೇಕಿಲ್ಲ. ಕನ್ನಡದಲ್ಲಿ ‘ಮಾಡು’ ಬಯಸಿ ಇಂಗ್ಲಿಷಿನಲ್ಲಿ ‘ಡೂ’ ಬಯಸದ ನಾಮಪದಗಳಿಂದ ಆರಂಭಿಸಿದರೆ ತಪ್ಪುಗಳ ದೊಡ್ಡ ಪಾಲು ಅಲ್ಲಿಯೇ ಸಿಕ್ಕೀತು.

ಅಂಥ ನಿಘಂಟಿನಲ್ಲಿ ‘ಎಕ್ಸಾಮ್’ ಎಂಬ ಪದದ ಕೆಳಗೆ ಏನು ಬರೆಯಬೇಕು? ಕನ್ನಡದಲ್ಲಿ ಪರೀಕ್ಷೆ ಬರೆಯುತ್ತೇವೆ; ದಕ್ಷಿಣ ಭಾರತದ ಇಂಗ್ಲಿಷೂ ‘ರೈಟ್ ದಿ ಎಕ್ಸಾಮ್’ ಎನ್ನುತ್ತದೆ. ಹಿಂದಿಯಲ್ಲಿ ಪರೀಕ್ಷೆಯನ್ನು ‘ಕೊಡು’ತ್ತಾರೆ, ಉತ್ತರದ ಇಂಗ್ಲಿಷು ‘ಗಿವ್ ದಿ ಎಕ್ಸಾಮ್’ ಎನ್ನುತ್ತದೆ. ಬ್ರಿಟನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’. ಆದರೆ ಕೆನಡಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿಯೂ ಪರೀಕ್ಷೆಯನ್ನು ‘ಬರೆಯು’ತ್ತಾರೆ. ಅಲ್ಲಿ ತಪ್ಪಲ್ಲದ್ದನ್ನು ಇಲ್ಲಿಯ ಅಧ್ಯಾಪಕರು ಕೆಂಪು ಶಾಯಿಯಿಂದ ಹೊಡೆಯುವುದು ನ್ಯಾಯವಲ್ಲ. ಬ್ರಿಟಿಷ್ ಬಳಕೆಯನ್ನು ಮೊದಲು ಕೊಟ್ಟು, ‘ರೈಟ್’ ಎಂಬುದನ್ನೂ ಅದರ ಪಕ್ಕದಲ್ಲಿ, ಪ್ರದೇಶದ ಸೂಚನೆಯೊಂದಿಗೆ, ತಪ್ಪಿನ ಗುರುತಿಲ್ಲದೆ ದಾಖಲಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ. ‘ಡಿಡ್ ಎ ಮಿಸ್ಟೇಕ್’ ಎಂಬುದಕ್ಕೆ ಇಂಥ ರಕ್ಷಣೆ ಸದ್ಯಕ್ಕಿಲ್ಲ.