ಮಾಲೆ ಹಾಕು, ಮಾತ್ರೆ ಬಿಡಬೇಡ

ಮಾಲೆ ಹಾಕಿದ ಮೇಲೆ ನಿನ್ನನ್ನೂ ‘ಸ್ವಾಮಿ’ ಅನ್ನಬೇಕಾಗುತ್ತೆ, ಅದಕ್ಕೇ ಈಗಲೇ ಬೈದುಬಿಡ್ತೀನಿ ಕಣಪ್ಪಾ. ವ್ರತ ಶುರುವಾದ ದಿನದಿಂದ ಡಾಕ್ಟರು ಕೊಟ್ಟ ಬುಪ್ರೆನಾರ್ಫಿನ್ ಮಾತ್ರೆಯೂ ಬಂದ್ ಅಂದೆಯಂತೆ. ಯಾಕೆ? ಸಕ್ಕರೆ ಕಾಯಿಲೆಯವರು ಮಾಲೆ ಹಾಕಿದರೆ 41 ದಿನ ಇನ್ಸುಲಿನ್ ಬಿಡ್ತಾರಾ?

‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದ’ ಅಂತ ನಿಮ್ಮ ದೊಡ್ಡಪ್ಪ ಆಡಿಕೊಂಡಿದ್ದು ನನಗೂ ಗೊತ್ತು. ಆಡಿಕೊಳ್ಳಲಿ ಬಿಡು. ನೀನು ಹಿಂದೆ ತಗೋತಿದ್ದ ಟ್ಯಾಪೆಂಟಡಾಲ್ ನೋವಿನ ಮಾತ್ರೆಯ ಅಮಲು ಕೆಲವೇ ಗಂಟೆಗೆ ಇಳೀತಿತ್ತು, ಇಳಿದ ಕೂಡಲೇ ಮತ್ತೆ ಬೇಕು. ಈ ಮಾತ್ರೆ ಮಿದುಳಲ್ಲಿ ಅದೇ ಜಾಗ ಹಿಡಿದು ಕೂತು, ದಿನಪೂರ್ತಿ ಆ ಹಪಾಹಪಿ ತಡೆಯುತ್ತೆ. ನೀನೀಗ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗ್ತಿರೋದು ಅದರಿಂದಲೇ.

ತಟ್ಟನೆ ನಿಲ್ಲಿಸಿದರೆ ಮೊದಲ ಒಂದೆರಡು ದಿನ ಅಷ್ಟೇನೂ ಗೊತ್ತಾಗಲ್ಲ. ‘ಬಿಟ್ಟೇಬಿಟ್ಟೆ’ ಅಂತ ಬೀಗ್ತೀಯ. ಆಮೇಲಿದೆ ನೋಡು: ಆಕಳಿಕೆ ಮೇಲೆ ಆಕಳಿಕೆ, ಕಣ್ಣು ಮೂಗಲ್ಲಿ ನೀರು, ಮೈತುಂಬ ಮುಳ್ಳು, ಮೂಳೆನೋವು, ಭೇದಿ, ರಾತ್ರಿಯಿಡೀ ನಿದ್ದೆಯಿಲ್ಲ. ಇದರಿಂದಲೇ ಜೀವ ಹೋಗೋದು ಅಪರೂಪ. ತಾಳಲಾರದೆ ಹಳೇ ಸರಕಿಗೆ ಕೈ ಹಾಕ್ತಾರಲ್ಲ, ಅಲ್ಲೇ ಜೀವ ಹೋಗೋದು. ಕೆಲವು ವಾರ ಬಿಟ್ಟ ಮೈಗೆ ಹಿಂದಿನ ಡೋಸ್ ತಡೆಯೋ ಶಕ್ತಿ ಇರಲ್ಲ, ಉಸಿರೇ ನಿಂತುಹೋಗುತ್ತೆ.

ಯಾರೋ ಗೆಳೆಯ ಚಟ ಬಿಡೋಕೆ ಅಂತ ತಾನು ತಗೋತಿರೋ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟರೂ ಮುಟ್ಟಬೇಡ. ಮೈಯಲ್ಲಿ ಇನ್ನೂ ಬುಪ್ರೆನಾರ್ಫಿನ್ ಇರುವಾಗ ಅದನ್ನು ನುಂಗಿದರೆ ಈ ಯಾತನೆಯೆಲ್ಲ ಒಂದೇ ಏಟಿಗೆ ಬರುತ್ತೆ. ಹೆಂಡ ಹೇಗೂ ಮಾಲೆಯಲ್ಲಿ ಇರಲ್ಲ, ಆಮೇಲೂ ಬೇಡ. ಈ ಮಾತ್ರೆ ಜೊತೆ ಹೆಂಡವಾಗಲಿ ನಿದ್ದೆಮಾತ್ರೆಯಾಗಲಿ ಸೇರಿದರೆ ಉಸಿರಿಗೇ ಕುತ್ತು.

ಬೆಳಗ್ಗೆ ತಣ್ಣೀರು ಸ್ನಾನ ಆದಮೇಲೆ ಮಾತ್ರೆ ನಾಲಿಗೆ ಕೆಳಗಿಟ್ಟುಕೋ. ಕರಗೋ ತನಕ, ಒಂದು ಐದ್ಹತ್ತು ನಿಮಿಷ, ನುಂಗಬೇಡ, ಶರಣುಘೋಷವನ್ನೂ ಕೂಗಬೇಡ. ಅಯ್ಯಪ್ಪ ಕಾಯ್ತಾನೆ. ಯಾತ್ರೆಗೆ ಎಷ್ಟು ದಿನದ ಮಾತ್ರೆ ಕೊಡ್ತಾರೆ ಅಂತ ಮೊದಲೇ ಕೇಳಿಕೋ, ಡಾಕ್ಟರ ಚೀಟಿ ಜೇಬಲ್ಲೇ ಇರಲಿ.

ಬಿಡಲೇಬೇಕು ಅಂತಿದ್ದರೆ ಬಿಡಬಹುದು. ಆದರೆ ಡಾಕ್ಟರು ತಿಂಗಳುಗಟ್ಟಲೆ ಡೋಸ್ ಇಳಿಸ್ತಾ ಬರಬೇಕು, ನೀನಾಗಿ ಅಲ್ಲ. ನಡುರಾತ್ರಿ ಮನಸ್ಸು ಎಳೆದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸದ್ಯಕ್ಕೆ ಮಾಲೆಗೆ ಮುಂಚೆ ಒಂದು ಸಲ ಡಾಕ್ಟರನ್ನು ಕಂಡು ಬಾ.