ಕುದುರೆಮುಖದ ಹುಲ್ಲುಗಾವಲು

ಭೂತನಾಳದ ಕೆರೆಯ ಆಚೆಗೆ ಹಬ್ಬಿರುವ ನಮ್ಮ ಬಯಲಿನಲ್ಲಿ ಹುಲ್ಲು ಮಳೆಗಾಲದ ಅತಿಥಿ. ಎರಡು ಮಳೆ ಬಿದ್ದರೆ ಚಿಗುರುವುದು. ಬೇಸಗೆ ಬರುವಷ್ಟರಲ್ಲಿ ಒಣಗುವುದು. ಆದುದರಿಂದ ಹುಲ್ಲಿನ ನೆಲವನ್ನು ಬರಿದು ನೆಲವೆನ್ನುವ ರೂಢಿ ನಮ್ಮಲ್ಲಿದೆ. ಈ ರೂಢಿ ಎಷ್ಟು ತಪ್ಪೆಂಬುದು ವಿದ್ಯಾರ್ಥಿಗಳೊಡನೆ ಕುದುರೆಮುಖಕ್ಕೆ ಹೋದಾಗ ನನಗೆ ಮನವರಿಕೆಯಾಯಿತು.

ಚಿಕ್ಕಮಗಳೂರು ಜಿಲ್ಲೆಯ ಕಳಸದ ಸಮೀಪದ ಈ ಶಿಖರವು ಸುಮಾರು 1,890 ಮೀಟರು ಎತ್ತರವಿದೆ. ಕುದುರೆಯ ಮೋರೆಯನ್ನು ಹೋಲುವುದರಿಂದ ಈ ಹೆಸರು. ಸಂಸೆ ಪರ್ವತವೆಂಬುದು ಹಳೆಯ ಹೆಸರು. ಪಶ್ಚಿಮದಂಚಿನಲ್ಲಿ ನೆಲವು ಕಡಿದಂತೆ ಕೆಳಗಿಳಿದು ಕರಾವಳಿಯ ಕಾಡನ್ನು ಸೇರುತ್ತದೆ. ಮಂಜು ಸರಿದ ದಿನ ದೂರದಲ್ಲಿ ಕಡಲು ಗೋಚರಿಸುವುದು.

ಅಲ್ಲಿ ಬಾಲಕನೊಬ್ಬನು, "ಗುರುಗಳೇ, ಇಷ್ಟು ಮಳೆ ಬೀಳುವಲ್ಲಿ ಗುಡ್ಡದ ಮೇಲೆ ಗಿಡಗಳೇಕಿಲ್ಲ?" ಎಂದು ಕೇಳಿದನು. ಒಳ್ಳೆಯ ಪ್ರಶ್ನೆ. ನೆತ್ತಿಯ ಮೇಲೆ ಮಣ್ಣು ತೆಳು, ಗಾಳಿ ಪ್ರಬಲ; ಅಲ್ಲಿ ನಿಲ್ಲಬಲ್ಲದ್ದು ಹುಲ್ಲೇ. ಗಾಳಿಯ ಮರೆಯ ಕಣಿವೆಗಳಲ್ಲಿ ಮಾತ್ರ ಮರಗಳು ಒತ್ತಾಗಿ ಬೆಳೆಯುತ್ತವೆ. ಇವೇ ಶೋಲಾ ಕಾಡುಗಳು. ಹುಲ್ಲಿನ ಇಳಿಜಾರಿನಲ್ಲಿ ಕಡವೆಯೂ ಕಾಟಿಯೂ ಮೇಯುತ್ತವೆ. ಕೆಳಗಿನ ನಿತ್ಯಹರಿದ್ವರ್ಣದ ಕಾಡಿನಲ್ಲಿ ಅಪರೂಪದ ಸಿಂಗಳೀಕವು ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಂಚರಿಸುತ್ತದೆ.

ಹುಲ್ಲೂ ಶೋಲೆಯೂ ಕೂಡಿ ಮಳೆನೀರನ್ನು ಹಿಡಿದಿಟ್ಟು, ತೊರೆಗಳಿಗೆ ಮೆಲ್ಲಮೆಲ್ಲನೆ ಬಿಡುತ್ತವೆ. ಇದೇ ಗಿರಿಶ್ರೇಣಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರ ಉಗಮ. ತುಂಗಭದ್ರೆಯು ಮುಂದೆ ಕೂಡುವುದು ನಮ್ಮ ಜಿಲ್ಲೆಯ ದಕ್ಷಿಣದಲ್ಲಿ ಹರಿದುಹೋದ ಕೃಷ್ಣೆಯನ್ನೇ.

ಈ ಹುಲ್ಲಿನಡಿಯಲ್ಲಿ ಕಬ್ಬಿಣದ ಅದಿರಿತ್ತು. ಅದಕ್ಕಾಗಿ 1976ರಲ್ಲಿ ಕಂಪನಿ ಸ್ಥಾಪನೆಯಾಯಿತು; ಅನೇಕರಿಗೆ ಅನ್ನವೂ ದೊರೆಯಿತು. ಆದರೆ ಅಗೆದ ಗುಡ್ಡದ ಹೂಳು ಮಳೆಗಾಲದಲ್ಲಿ ಭದ್ರೆಯನ್ನು ಸೇರತೊಡಗಿತು. 1987ರಲ್ಲಿ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಗಣಿಯನ್ನು ನಿಲ್ಲಿಸಲು ಒಂದು ತೀರ್ಪು ಸಾಕಾಯಿತು. ಕಳೆದ ಮಣ್ಣನ್ನು ಮರಳಿ ತರಲು ಯಾವ ತೀರ್ಪಿಗೂ ಶಕ್ತಿಯಿಲ್ಲ.

ಮರಳಿ ಬಂದು ತರಗತಿಯಲ್ಲಿ ಸಂಧಿಪಾಠ ಹೇಳುವಾಗ ಕಪ್ಪುಹಲಗೆಯ ಮೇಲೆ ಬರೆದೆನು: ಹುಲ್ಲು + ಕಾವಲು = ಹುಲ್ಲುಗಾವಲು; ಕಕಾರಕ್ಕೆ ಗಕಾರ ಬಂದು ಆದೇಶಸಂಧಿ. ಎಷ್ಟೋ ವರ್ಷ ಈ ಪದವನ್ನು ಬಿಡಿಸಿದ್ದೆ. ಉತ್ತರಪದದ ಅರ್ಥವನ್ನು ಮಾತ್ರ ನೆನೆದಿರಲಿಲ್ಲ. ಹುಲ್ಲಿದ್ದಲ್ಲಿ ಕಾವಲಿರಬೇಕೆಂದು ನಮ್ಮ ಹಿರಿಯರು ಪದದೊಳಗೇ ಇಟ್ಟು ಹೋಗಿದ್ದಾರೆ. ಭೂತನಾಳದ ಬಯಲಿನ ಹುಲ್ಲಿಗೂ ಈ ಮಾತು ಸಲ್ಲುತ್ತದೆ. ಸಂಧಿಯಲ್ಲಿ ಕಕಾರವು ಮರೆಯಾಗಬಹುದು, ಕಾವಲು ಮರೆಯಾಗಬಾರದು.