ರೀಲಿಂಗ್ ಘಟಕದ ಪ್ಯೂಪಾ, ಕೋಳಿಗೆ ಪ್ರೋಟೀನು

ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ಅದರಲ್ಲೂ ಕೈ ಕಚ್ಚುವುದು ಪ್ರೋಟೀನು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಎಷ್ಟು ಏರಿತೆಂದರೆ, ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಬೇಕಾಯಿತು. ಅದೇ ವರ್ಷ ಐರೋಪ್ಯ ಒಕ್ಕೂಟ ಕೋಳಿ, ಹಂದಿಗಳ ಆಹಾರದಲ್ಲಿ ಕೀಟದ ಪುಡಿಗೆ ಅನುಮತಿ ಕೊಟ್ಟಿತು. ಈಗ ಎಲ್ಲರ ಬಾಯಲ್ಲೂ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು.

ರೇಷ್ಮೆ ರೀಲಿಂಗ್ ಘಟಕಗಳಿರುವ ಶಿಡ್ಲಘಟ್ಟ, ರಾಮನಗರದ ಸುತ್ತಲಿನವರು ಅಷ್ಟು ದೂರ ಹೋಗಬೇಕಿಲ್ಲ. ಒಂದು ಕಿಲೋ ರೇಷ್ಮೆ ನೂಲು ಬಿಚ್ಚಿದರೆ ಸುಮಾರು 8 ಕಿಲೋ ಹಸಿ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಉಳಿಯುತ್ತದೆ. ಒಣಗಿದರೆ 2 ಕಿಲೋ. ಒಣ ಪ್ಯೂಪಾದಲ್ಲಿ ಪ್ರೋಟೀನು ಶೇ. 50ರ ಆಸುಪಾಸು, ಎಣ್ಣೆ ತೆಗೆದದ್ದರಲ್ಲಿ ಶೇ. 65ಕ್ಕೂ ಹೆಚ್ಚು. ಸೋಯಾ ಹಿಂಡಿಯಲ್ಲಿ ಇರುವುದು ಶೇ. 44ರಿಂದ 48. ಸೋಯಾದಲ್ಲಿ ಕೋಳಿಗೆ ಸಾಲದ ಮೆಥಿಯೋನಿನ್ ಪ್ಯೂಪಾದಲ್ಲಿ ಧಾರಾಳವಾಗಿದೆ.

ತೊಡಕಿರುವುದು ಎಣ್ಣೆಯಲ್ಲಿ. ಒಣ ಪ್ಯೂಪಾದ ತೂಕದಲ್ಲಿ ಕಾಲು ಭಾಗ ಅದೇ. ಚೀಲದಲ್ಲಿ ಕೂತಷ್ಟೂ ಕಮಟುತ್ತದೆ, ಆ ವಾಸನೆ ಮಾಂಸಕ್ಕೂ ಮೊಟ್ಟೆಗೂ ಅಂಟುತ್ತದೆ. ಹಸಿಯದಂತೂ ಒಂದೇ ದಿನದಲ್ಲಿ ಕೊಳೆಯುತ್ತದೆ. ಹಾಗಾಗಿ ಎಣ್ಣೆ ತೆಗೆದ, ಚೆನ್ನಾಗಿ ಒಣಗಿದ ಪುಡಿಯನ್ನೇ ಕೊಳ್ಳಬೇಕು; ಅಗ್ಗವೆಂದು ಮೂರು ತಿಂಗಳಿಗಾಗುವಷ್ಟು ತಂದು ರಾಶಿ ಹಾಕುವುದು ಬೇಡ. ಪ್ರಯೋಗಾಲಯದ ಚೀಟಿಯಲ್ಲಿರುವ ಪ್ರೋಟೀನು ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಹುಳುವಿನ ಹೊರಕವಚದ ಕೈಟಿನ್‌ನಲ್ಲಿರುವ ಸಾರಜನಕವೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಅದು ಕೋಳಿಗೆ ಅಷ್ಟಾಗಿ ಜೀರ್ಣವಾಗುವುದಿಲ್ಲ.

ಕ್ವಿಂಟಲ್ ಆಹಾರಕ್ಕೆ 5 ಕಿಲೋದಿಂದ ಶುರು ಮಾಡಿದರೆ ಸಾಕು. ಎಣ್ಣೆ ತೆಗೆದ 5 ಕಿಲೋ ಪ್ಯೂಪಾ ಪುಡಿ ಪ್ರೋಟೀನು ಲೆಕ್ಕದಲ್ಲಿ 7 ಕಿಲೋ ಸೋಯಾ ಹಿಂಡಿಗೆ ಸಮ. ಉಳಿದ 2 ಕಿಲೋ ಜಾಗಕ್ಕೆ ಮೆಕ್ಕೆಜೋಳ ಹಾಕಬಹುದು. ಮೀನಿನ ಪುಡಿ ಬಿಟ್ಟು ಇದಕ್ಕೆ ಬದಲಾಗುವವರು ಒಂದು ವಿಷಯ ಮರೆಯಬಾರದು: ಮೀನಿನ ಮುಳ್ಳಿನಿಂದ ಸಿಗುತ್ತಿದ್ದ ಸುಣ್ಣ, ರಂಜಕ ಪ್ಯೂಪಾದಲ್ಲಿ ಅಷ್ಟಿಲ್ಲ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಹೆಚ್ಚಿಸದಿದ್ದರೆ ಮೊಟ್ಟೆಯ ಚಿಪ್ಪು ತೆಳುವಾಗಬಹುದು.

ಕಂಪನಿಯ ಒಪ್ಪಂದದಲ್ಲಿ ಬ್ರಾಯ್ಲರ್ ಸಾಕುವವರಿಗೆ ಇದರಲ್ಲಿ ಕೈಯಾಡಿಸುವ ಅವಕಾಶವಿಲ್ಲ, ಆಹಾರವೂ ಕಂಪನಿಯದೇ. ಗಿರಿರಾಜ, ಸ್ವರ್ಣಧಾರ, ನಾಟಿ ಕೋಳಿ ಸಾಕಿ ಆಹಾರವನ್ನು ತಾವೇ ಬೆರೆಸುವವರು ಮೊದಲು ಒಂದು ಗುಂಪಿಗಷ್ಟೇ ಕೊಟ್ಟು, ತೂಕವನ್ನೂ ಬೇಯಿಸಿದ ಮೊಟ್ಟೆಯ ವಾಸನೆಯನ್ನೂ ಉಳಿದ ಗುಂಪಿನೊಂದಿಗೆ ಹೋಲಿಸಿ ನೋಡಬಹುದು.